ಕರೆಂಟ್ ಹೋದಾಗ ವೈಫೈ ನಿಲ್ಲದಿರಲು ಇನ್ವರ್ಟರ್ ಸಾಕಾ, ಮಿನಿ ಯುಪಿಎಸ್ ಬೇಕಾ?

ರಾತ್ರಿಪಾಳಿ: ಮನೆಯಿಂದಲೇ ಕೆಲಸ ಮಾಡ್ತೀನಿ. ಕರೆಂಟ್ ಹೋದ ತಕ್ಷಣ ಮೀಟಿಂಗ್ ಕಟ್ ಆಗುತ್ತೆ. ಇನ್ವರ್ಟರ್ ಇದೆ, ಫ್ಯಾನು ಲೈಟು ನಿಲ್ಲಲ್ಲ. ರೌಟರ್ ಮಾತ್ರ ಆಫ್ ಆಗಿ ಆನ್ ಆಗುತ್ತೆ, ಆಮೇಲೂ ಕರೆಂಟ್ ಬರೋವರೆಗೆ ನೆಟ್ ಇಲ್ಲ. ಮಿನಿ ಯುಪಿಎಸ್ (ರೌಟರ್‌ಗೆ ಹಾಕೋ ಚಿಕ್ಕ ಬ್ಯಾಟರಿ ಡಬ್ಬಿ) ತಗೊಳ್ಳೋದಾ? ಗೊತ್ತಿರೋರು ಹೇಳಿ.

ಹಳೇ ವೈರ್‌ಮನ್: ಇನ್ವರ್ಟರ್ ಇರೋ ಮನೆಗೆ ಇನ್ನೊಂದು ಡಬ್ಬಿ ಯಾಕ್ರೀ? ಹಿಂಭಾಗದಲ್ಲಿ ಸ್ವಿಚ್ ಇದ್ರೆ ಯುಪಿಎಸ್ ಮೋಡ್‌ಗೆ ಹಾಕಿ. ಆ ಮೋಡ್‌ನಲ್ಲಿ ಬ್ಯಾಟರಿಗೆ ಬೇಗ ಬದಲಾಗುತ್ತೆ. ಅಷ್ಟು ಹೊತ್ತನ್ನ ಅಡಾಪ್ಟರ್ ಒಳಗಿನ ಕೆಪಾಸಿಟರೇ ತಡ್ಕೊಳ್ಳುತ್ತೆ, ರೌಟರ್ ರೀಸ್ಟಾರ್ಟ್ ಆಗಲ್ಲ.

ಡಿಸಿ ದಾರಿ: "ಇನ್ನೊಂದು ಡಬ್ಬಿ ಯಾಕೆ" ಅಂತೀರಾ? ಬ್ಯಾಟರಿ ಡಿಸಿ, ಇನ್ವರ್ಟರ್ ಅದನ್ನ ಎಸಿ ಮಾಡುತ್ತೆ, ಅಡಾಪ್ಟರ್ ತಿರುಗಿ ಡಿಸಿ ಮಾಡುತ್ತೆ. ಎರಡು ಕಡೆ ನಷ್ಟ. ರೌಟರ್, ಅದಕ್ಕೆ ಫೈಬರ್ ಲೈನ್ ತಂದುಕೊಡೋ ಫೈಬರ್ ಬಾಕ್ಸ್ ಸೇರಿದ್ರೂ 10–15 ವ್ಯಾಟ್, ಅದಕ್ಕೋಸ್ಕರ ಅಷ್ಟು ದೊಡ್ಡ ಯಂತ್ರ ಓಡ್ಬೇಕಾ? 8000 ಎಂಎಎಚ್ ಮಿನಿ ಯುಪಿಎಸ್ ಹಾಕಿ. ರೌಟರ್ 1 ಆಂಪ್, 8 ಗಂಟೆ ಆರಾಮಾಗಿ ಬರುತ್ತೆ.

ಲೆಕ್ಕದ ಪುಸ್ತಕ: "8 ಗಂಟೆ ಆರಾಮಾಗಿ"?! ಇಂಥ ಮಾತು ನಂಬಿಯೇ ಜನ ದುಡ್ಡು ಕಳ್ಕೊಳ್ಳೋದು. ಡಬ್ಬಿ ಮೇಲಿನ ಎಂಎಎಚ್ ಸಾಮಾನ್ಯವಾಗಿ ಒಳಗಿನ ಲಿಥಿಯಂ ಸೆಲ್‌ನ 3.7 ವೋಲ್ಟ್ ಲೆಕ್ಕದ್ದು. 8000 ಎಂಎಎಚ್ ಅಂದ್ರೆ 8 ಆಂಪ್-ಅವರ್ (ಎಎಚ್), 3.7 × 8 = 29.6 ವ್ಯಾಟ್-ಅವರ್. ನಿಮ್ಮ ರೌಟರ್ 12 ವೋಲ್ಟ್ 1 ಆಂಪ್ ಅಂದ್ರೆ 12 ವ್ಯಾಟ್. ಭಾಗಿಸಿ ನೋಡಿ, ಎರಡೂವರೆ ಗಂಟೆ ಕೂಡ ಇಲ್ಲ. ವೋಲ್ಟೇಜ್ ಏರಿಸೋ ನಷ್ಟ ತೆಗೆದ್ರೆ ಎರಡು ಗಂಟೆ ಅಂದ್ಕೊಳ್ಳಿ.

ಡಿಸಿ ದಾರಿ: 1 ಆಂಪ್ ಅನ್ನೋದು ಅಡಾಪ್ಟರ್ ಮೇಲೆ ಬರೆದಿರೋ ಗರಿಷ್ಠ. ರೌಟರ್ ಯಾವಾಗ್ಲೂ ಅಷ್ಟು ಎಳೆಯಲ್ಲ. ನನ್ನದು 6 ವ್ಯಾಟ್ ಆಸುಪಾಸು, ನಾಲ್ಕು ಗಂಟೆ ಓಡಿದೆ. ನಿಮ್ಮ "ಎರಡು ಗಂಟೆ" ಎಲ್ಲಿ ಹೋಯ್ತು?

ಲೆಕ್ಕದ ಪುಸ್ತಕ: 8 ಅಂದಿದ್ದು ಈಗ 4 ಆಯ್ತು. ಇನ್ನೆರಡು ಕಾಮೆಂಟ್ ಹೋದ್ರೆ ನನ್ನ ಲೆಕ್ಕಕ್ಕೇ ಬರ್ತೀರಿ.

ಡಿಸಿ ದಾರಿ: 4 ನಿಮ್ಮ 2ರ ಎರಡರಷ್ಟು. ತಪ್ಪು ನಿಮ್ಮದೂ ಅಷ್ಟೇ ಇದೆ.

ಲೆಕ್ಕದ ಪುಸ್ತಕ: ನಾನು ಲೆಕ್ಕ ಹಾಕಿದ್ದು *ನೀವು* ಕೊಟ್ಟ 1 ಆಂಪ್‌ಗೆ!! ಮೊದಲು ನೀವೇ ಬರೆದಿದ್ದನ್ನ ಓದಿ.

ಹೊರೆ ಬೇಡ: ಇಷ್ಟಕ್ಕೆಲ್ಲ ಜಗಳ ಯಾಕೆ. ಪವರ್ ಬ್ಯಾಂಕ್ ಎಲ್ಲರ ಮನೇಲೂ ಇರುತ್ತೆ. 5 ವೋಲ್ಟನ್ನ 12 ವೋಲ್ಟ್‌ಗೆ ಏರಿಸೋ ಕೇಬಲ್ ಸಿಗುತ್ತೆ, ಸಿಕ್ಕಿಸಿದ್ರೆ ಮುಗೀತು.

ಹಳೇ ವೈರ್‌ಮನ್: ಯಾವುದು ಮುಗೀತು? ಕರೆಂಟ್ ಹೋದ ಮೇಲೆ ಎದ್ದು ಹೋಗಿ ಸಿಕ್ಕಿಸೋದ್ರೊಳಗೆ ಮೀಟಿಂಗ್ ಮುಗಿದಿರುತ್ತೆ. ಯಾವಾಗ್ಲೂ ಚಾರ್ಜ್‌ನಲ್ಲೇ ಇಟ್ಟು ಬಳಸಿದ್ರೆ, ಚಾರ್ಜಿಂಗ್ ನಿಂತ ಕ್ಷಣ ತುಂಬಾ ಪವರ್ ಬ್ಯಾಂಕ್‌ಗಳು ಔಟ್‌ಪುಟ್ಟನ್ನೂ ಒಮ್ಮೆ ಕಟ್ ಮಾಡ್ತವೆ. ಅಲ್ಲಿಗೆ ಅದೇ ರೀಸ್ಟಾರ್ಟ್. ಇನ್ನು ಡಿಸಿ ದಾರಿಯವರೇ, "ದೊಡ್ಡ ಯಂತ್ರ" ಅಂದ್ರಲ್ಲ: 12 ವೋಲ್ಟ್ 150 ಎಎಚ್ ಬ್ಯಾಟರಿ ಅಂದ್ರೆ 1800 ವ್ಯಾಟ್-ಅವರ್. ಅರ್ಧವನ್ನೇ ಬಳಸಿ, ನಷ್ಟವೆಲ್ಲ ಸೇರಿಸಿ 30 ವ್ಯಾಟ್ ಹಿಡಿದ್ರೂ 30 ಗಂಟೆ. ನಿಮ್ಮ ಡಬ್ಬಿ ಎಷ್ಟು ಅಂದ್ರಿ?

ಡಿಸಿ ದಾರಿ: "30 ಗಂಟೆ" ಬರೋದು ಫ್ಯಾನು ಲೈಟು ಆರಿಸಿ ಕತ್ತಲಲ್ಲಿ ಬೆವರ್ತಾ ಕೂತ್ರೆ. ಹಳೇ ಸೀಲಿಂಗ್ ಫ್ಯಾನ್ ಒಂದೇ 70–75 ವ್ಯಾಟ್ ತಿನ್ನುತ್ತೆ.

ಕಂಬದ ಕೆಲಸ: ನಾನು ಫೈಬರ್ ಲೈನ್ ಎಳೆಯೋ ಕೆಲಸದಲ್ಲಿದ್ದೀನಿ. ಎಲ್ಲರೂ ಬ್ಯಾಟರಿ ಬಗ್ಗೆನೇ ಮಾತಾಡ್ತಿದ್ದೀರಿ, ಲೈನ್ ಜೀವಂತ ಇದೆಯಾ ಅಂತ ಯಾರೂ ಕೇಳ್ಲಿಲ್ಲ. ಜಿಪಾನ್ ಅನ್ನೋ ಬಗೆಯ ಫೈಬರ್‌ನಲ್ಲಿ, ಒಂದು ಲೈನನ್ನ ಹಲವು ಮನೆಗೆ ಹಂಚೋ ದಾರಿ ಮಧ್ಯದ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಆ ತುದಿಯಲ್ಲಿ ಆಪರೇಟರ್ ಇಟ್ಟಿರೋ, ಮನೆಗಳಿಗೆ ಸಿಗ್ನಲ್ ಕಳಿಸೋ ಓಎಲ್‌ಟಿ ಯಂತ್ರಕ್ಕೆ ಬ್ಯಾಕಪ್ ಇದ್ರೆ ಲೈನ್ ಇರುತ್ತೆ. ಆದ್ರೆ ಕಟ್ಟಡದ ಕೆಳಗಿನ, ಮನೆಗಳಿಗೆ ನೆಟ್ ಹಂಚೋ ನೆಟ್‌ವರ್ಕ್ ಸ್ವಿಚ್‌ನಿಂದ ಲ್ಯಾನ್ ಕೇಬಲ್‌ನಲ್ಲಿ ಬರೋ ಕನೆಕ್ಷನ್ ಆದ್ರೆ, ಆ ಸ್ವಿಚ್ ಆರಿದ ಮೇಲೆ ನಿಮ್ಮನೇಲಿ ಎಂಥ ಬ್ಯಾಟರಿ ಇದ್ದೂ ಪ್ರಯೋಜನ ಇಲ್ಲ. ರಾತ್ರಿಪಾಳಿಯವರೇ, ಕರೆಂಟ್ ಹೋದಾಗ ಫೈಬರ್ ಬಾಕ್ಸ್ ನೋಡಿ. ಪಾನ್ (PON) ದೀಪ ಅಲುಗದೆ ಉರೀತಿದ್ರೆ ಲೈನ್ ಸರಿ ಇದೆ. ಲಾಸ್ (LOS) ದೀಪ ಕೆಂಪಗಾದ್ರೆ ತೊಂದರೆ ಹೊರಗಿದೆ.

ಹೊರೆ ಬೇಡ: "ತೊಂದರೆ ಹೊರಗಿದೆ" ಅಂದ್ಮೇಲೆ ಇಷ್ಟೆಲ್ಲ ಖರ್ಚು ಯಾಕೆ? ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ.

ಕಂಬದ ಕೆಲಸ: ಕೆಂಪಗಾ*ದ್ರೆ* ಅಂದೆ. ಹಾಟ್‌ಸ್ಪಾಟ್ ಅಂತೀರಿ, ಏರಿಯಾ ಪೂರ್ತಿ ಕರೆಂಟ್ ಹೋದಾಗ ಎಲ್ಲರೂ ಅದೇ ಟವರ್‌ಗೆ ಬೀಳ್ತಾರೆ. ವಿಡಿಯೋ ಕಾಲ್ ಕಟ್ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?

ಲೆಕ್ಕದ ಪುಸ್ತಕ: ಅದಿರಲಿ, 8 ಗಂಟೆ ಅನ್ನೋದು ಇನ್ನೂ ಮೇಲೆ ಹಾಗೇ ಇದೆ. ನಾಳೆ ಯಾರೋ ಬಂದು ಅದನ್ನೇ ನಂಬಿ ತಗೋತಾರೆ. ತಿದ್ದಿ.

ಡಿಸಿ ದಾರಿ: ಕೆಳಗೆ 4 ಅಂತ ಬರೆದಿದ್ದೀನಿ. ಓದೋಕೆ ಬರೋರು ಓದ್ಕೋತಾರೆ.

ರಾತ್ರಿಪಾಳಿ: ಮೇನ್ ಆಫ್ ಮಾಡಿ ನೋಡ್ದೆ. ಫೈಬರ್ ಬಾಕ್ಸ್‌ನಲ್ಲಿ ಒಂದು ದೀಪವೂ ಇಲ್ಲ! ಬಾಕ್ಸ್ ಬಾಗಿಲ ಪಕ್ಕದ ಪ್ಲಗ್‌ನಲ್ಲಿದೆ, ರೌಟರ್ ರೂಮಲ್ಲಿದೆ. ಆ ಪ್ಲಗ್‌ಗೆ ಇನ್ವರ್ಟರ್ ಲೈನೇ ಕೊಟ್ಟಿಲ್ಲ.

ಹಳೇ ವೈರ್‌ಮನ್: ನೋಡಿ, ನಾನು ಹೇಳ್ಲಿಲ್ವಾ? ಆ ಪ್ಲಗ್‌ಗೂ ಇನ್ವರ್ಟರ್ ಲೈನ್ ಎಳೆಸಿ, ಮೋಡ್ ಬದಲಾಯಿಸಿ. ಡಬ್ಬಿ ಬೇಡ.

ಡಿಸಿ ದಾರಿ: ಗೋಡೆ ಕೊರೆಯೋ ಬದಲು ಬಾಕ್ಸ್ ಪಕ್ಕದಲ್ಲೇ ಮಿನಿ ಯುಪಿಎಸ್ ಇಟ್ರೆ ಸಂಜೆಯೊಳಗೆ ಕೆಲಸ ಆಗುತ್ತೆ. ಬಾಕ್ಸ್ 9 ವೋಲ್ಟಾ 12 ವೋಲ್ಟಾ, ಪಿನ್‌ನ ಪ್ಲಸ್ ಮೈನಸ್ ಯಾವ ಕಡೆ ಅಂತ ಅಡಾಪ್ಟರ್ ಮೇಲೆ ನೋಡ್ಕೊಂಡೇ ತಗೊಳ್ಳಿ. ಬಾಕ್ಸ್ ಒಂದೇ ಆದ್ರೆ ಲೋಡೂ ಕಡಿಮೆ, ತುಂಬಾ ಹೊತ್ತು ಬರುತ್ತೆ.

ಲೆಕ್ಕದ ಪುಸ್ತಕ: "ತುಂಬಾ ಹೊತ್ತು" ಅಂದ್ರೆ ಎಷ್ಟು ಗಂಟೆ? ವ್ಯಾಟ್-ಅವರ್‌ನಲ್ಲಿ ಹೇಳಿ.