ಕೆಲಸವೇ ಇಲ್ಲದಾಗ ಸಂಬಳ ಏರಿಕೆ ಒಪ್ಪಿದ್ದು ಯಾಕೆ? (ಐರ್ಲೆಂಡ್, 2008–09)

ತುಂಗಾತೀರ:
ಡಬ್ಲಿನ್‌ನಲ್ಲಿ ಕ್ವಾಂಟಿಟಿ ಸರ್ವೇಯರ್ ಆಗಿದ್ದೇನೆ, ಅಂದರೆ ಕಟ್ಟಡದ ಖರ್ಚಿನ ಲೆಕ್ಕ ಹಾಕುವ ಕೆಲಸ. ಆಫೀಸಿನ ಹಳಬರು 2008ರ ಮಾತು ತೆಗೆದರೆ ಸಾಕು, ಎರಡು ಪಾರ್ಟಿ ಆಗಿಬಿಡುತ್ತಾರೆ. ನನಗೆ ಗೊತ್ತಿರೋದು ಇಷ್ಟು: ಸರ್ಕಾರ, ಮಾಲೀಕರು, ಯೂನಿಯನ್‌ಗಳು ಒಟ್ಟಿಗೆ ಕೂತು ಇಡೀ ದೇಶಕ್ಕೆ ಸಂಬಳದ ಒಪ್ಪಂದ ಮಾಡುವ ಪದ್ಧತಿ 1987ರಿಂದ ಇತ್ತು. 2008ರ ಸೆಪ್ಟೆಂಬರ್ 17ರಂದು, ಅಂದರೆ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಎರಡೇ ದಿನಕ್ಕೆ, 21 ತಿಂಗಳಿಗೆ ಶೇ. 6 ಏರಿಕೆ ಅಂತ ಮಾತಾಯಿತು. ಮನೆ ಕಟ್ಟುವ ಕೆಲಸ ಆಗಲೇ ನೆಲ ಕಚ್ಚಿತ್ತು. ಕಟ್ಟಡದವರನ್ನಾದರೂ ಬಿಟ್ಟುಬಿಡಬಹುದಿತ್ತಲ್ವಾ?

ಗಾರೆಲೆಕ್ಕ:
ಎರಡು ಬೇರೆ ಬೇರೆ ಒಪ್ಪಂದಗಳನ್ನು ಎಲ್ಲರೂ ಒಂದೇ ಅಂದುಕೊಳ್ಳುತ್ತಾರೆ. ಆ ಶೇ. 6 ಕಾನೂನೇನಲ್ಲ, ಕೊಡಲು ಆಗದ ಕಂಪನಿ ಲೆಕ್ಕ ತೋರಿಸಿ ತಪ್ಪಿಸಿಕೊಳ್ಳಲು ಅದರಲ್ಲೇ ದಾರಿ ಇತ್ತು. ಕಟ್ಟಡದವರಿಗೆ ಬಿಗಿಯಾಗಿದ್ದದ್ದು ಇನ್ನೊಂದು. 1946ರ ಕಾಯ್ದೆ ಪ್ರಕಾರ ಲೇಬರ್ ಕೋರ್ಟಿನಲ್ಲಿ ನೋಂದಾಯಿಸಿದ ಕಟ್ಟಡ ಕೆಲಸದ ಒಪ್ಪಂದ. ಅದಕ್ಕೆ ಸಹಿ ಹಾಕದ ಕಂಟ್ರಾಕ್ಟರ್ ಕೂಡ ಆ ದರವನ್ನೇ ಕೊಡಬೇಕಿತ್ತು. ಗಾರೆ, ಬಡಗಿ ಕೆಲಸದವರಿಗೆ ಗಂಟೆಗೆ 18.60 ಯೂರೋ. ಲೇಬರ್ ಕೋರ್ಟ್ ಶೇ. 7.5 ಇಳಿಸಿ ಅಂದ ಮೇಲೆ 17.21 ಆಯಿತು, ಅದೂ ಜಾರಿಗೆ ಬಂದಿದ್ದು 2011ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೆಲಸ ಕಳೆದುಕೊಂಡಿದ್ದರು. 2007ರಲ್ಲಿ ಕಟ್ಟಡ ಕೆಲಸದಲ್ಲಿದ್ದವರು ಸುಮಾರು 2.7 ಲಕ್ಷ, 2012ರ ಹೊತ್ತಿಗೆ ಒಂದು ಲಕ್ಷದ ಆಸುಪಾಸು. 18.60 ಅನ್ನು 17.21 ಮಾಡಿದ ಮಾತ್ರಕ್ಕೆ ಸಾಲ ಕೊಡದ ಬ್ಯಾಂಕು ಸಾಲ ಕೊಡುತ್ತಾ? ಸುಮ್ನೆ ಸಂಬಳದ ಮೇಲೆ ಗೂಬೆ ಕೂರಿಸಬೇಡಿ.

ಕಾರ್ಕ್‌ಕಂಟ್ರಾಕ್ಟ್:
ಗೂಬೆ ಕೂರಿಸುತ್ತಿಲ್ಲ ಸಾರ್, ಆದರೆ ಇನ್ನೊಂದು ಮುಖ ನೋಡಿ. 2009ರಲ್ಲಿ ಐರ್ಲೆಂಡಿನ ಬೆಲೆಗಳೇ ಶೇ. 4.5 ಇಳಿದವು. ದರ ಇದ್ದಲ್ಲೇ ಇದ್ದರೂ ಅದು ಏರಿಕೆಯೇ ಆಯಿತು. ಆಗ ನಾನು ಒಂದು ಸಣ್ಣ ಕಂಪನಿಗೆ ಟೆಂಡರ್ ಲೆಕ್ಕ ಹಾಕುತ್ತಿದ್ದೆ. ಕೂಲಿ ಕಾಲಮ್ಮಿನಲ್ಲಿ ಒಪ್ಪಂದದ ದರ, ಅದರ ಮೇಲೆ ಪೆನ್ಷನ್, ರಜೆ ಸಂಬಳ, ವಿಮೆ ಎಲ್ಲ ಸೇರಿಸಿ ಕೊಟ್ಟರೆ, ಪಕ್ಕದವನು ಅದೇ ಕೆಲಸಕ್ಕೆ ನಮ್ಮ ಕೂಲಿ ಮತ್ತು ಸಾಮಾನಿನ ಅಸಲಿಗಿಂತಲೂ ಕಡಿಮೆ ಬರೆದಿರುತ್ತಿದ್ದ. ಹೇಗೆ ಗೊತ್ತಾ? ಅವನ ಸೈಟಿನಲ್ಲಿ ಕಾರ್ಮಿಕರೇ ಇಲ್ಲ! ಎಲ್ಲರೂ ಕಾಗದದ ಮೇಲೆ 'ಸ್ವಂತ ಉದ್ಯೋಗದ ಸಬ್‌ಕಂಟ್ರಾಕ್ಟರ್'. ಬೆಳಿಗ್ಗೆ ಅದೇ ಮೇಸ್ತ್ರಿ ಹೇಳಿದ ಕೆಲಸ, ಅವನದೇ ಸಿಮೆಂಟು, ಅವನದೇ ಮಿಕ್ಸರ್. ರಜೆ ಇಲ್ಲ, ಪೆನ್ಷನ್ ಇಲ್ಲ. ನಿಯಮ ಪಾಲಿಸಿದ ನಾವು ಟೆಂಡರ್ ಕಳೆದುಕೊಂಡೆವು.

ಗಾರೆಲೆಕ್ಕ:
ಹಾಗಾದರೆ ನಿಮಗೆ ಬೇಕಿದ್ದದ್ದು ದರ ಇಳಿಸೋದಲ್ಲ, ಸೈಟಿಗೆ ಬಂದು ನೋಡುವ ಇನ್‌ಸ್ಪೆಕ್ಟರ್.

ಕಾರ್ಕ್‌ಕಂಟ್ರಾಕ್ಟ್:
ಎರಡೂ ಬೇಕಿತ್ತು. ಎರಡೂವರೆ ವರ್ಷ ತಡವಾಗಿ ಇಳಿಸೋದು ಒಂದು ಇಳಿಸೋದಾ?

ತುಂಗಾತೀರ:
ಸರಿ, ಎಲೆಕ್ಟ್ರಿಷಿಯನ್‌ಗಳು ಮುಷ್ಕರ ಮಾಡಿದ್ದು? ಅಂಥ ಹೊತ್ತಿನಲ್ಲಿ ಶೇ. 11 ಕೇಳಿದರಂತೆ!

ವೈರ್‌ಮನ್ ಮಗಳು:
2009ರ ಜುಲೈ. ಅವರದು ಬೇರೆಯೇ ನೋಂದಾಯಿತ ಒಪ್ಪಂದ. ಅದರಲ್ಲಿರುವ ಲೆಕ್ಕದ ಪ್ರಕಾರ ಬರಬೇಕಾದ ಬಾಕಿ ಕೇಳುತ್ತಿದ್ದೇವೆ ಅನ್ನೋದು ಅವರ ವಾದ. ಕೊನೆಗೆ ಎರಡು ಕಂತಿನಲ್ಲಿ ಶೇ. 4.9ಕ್ಕೆ ಮುಗಿಯಿತು. ಹೊರಗಿನವರಿಗೆ ದುರಾಸೆ ಅನಿಸಿರಬಹುದು. ಆದರೆ ಕಾಮಗಾರಿ ಏರುವಾಗ 'ಒಪ್ಪಂದ ಅಂದರೆ ಒಪ್ಪಂದ' ಅಂದ ಮಾಲೀಕರು ಇಳಿಯುವಾಗ ಮಾತ್ರ ಬೇರೆ ಮಾತಾಡಿದರೆ ಯಾರು ಕೇಳುತ್ತಾರೆ? ಆ ಶೇ. 6ರ ರಾಷ್ಟ್ರೀಯ ಒಪ್ಪಂದ ಅದೇ ವರ್ಷದ ಕೊನೆಗೆ ಮುರಿಯಿತು. 2013ರ ಮೇನಲ್ಲಿ ಸುಪ್ರೀಂ ಕೋರ್ಟ್ ನೋಂದಾಯಿತ ಒಪ್ಪಂದಗಳ ಕಾನೂನನ್ನೇ ಅಸಾಂವಿಧಾನಿಕ ಅಂತ ರದ್ದು ಮಾಡಿತು. ಆಮೇಲೆ ಬಂದ ಹೊಸಬರಿಗೆ ಕನಿಷ್ಠ ಕೂಲಿ ಬಿಟ್ಟರೆ ಬೇರೆ ನೆಲೆ ಇರಲಿಲ್ಲ. 2015ರ ಕಾಯ್ದೆ ಬಂದು, 2017ರಲ್ಲಿ ಸರ್ಕಾರಿ ಆದೇಶದ ಮೂಲಕ ಕಟ್ಟಡ ಕೆಲಸಕ್ಕೆ ಮತ್ತೆ ಕಡ್ಡಾಯ ದರ ನಿಗದಿಯಾಯಿತು, ಗಾರೆ ಕೆಲಸಕ್ಕೆ 18.93. ನೀವು ಈಗ ಟೆಂಡರಿನಲ್ಲಿ ಹಾಕುವ ಕೂಲಿ ದರ ಅದರ ಮುಂದುವರಿಕೆಯೇ. ಮೊದಲು ಚಾಲ್ತಿಯಲ್ಲಿರುವ ಆದೇಶ ತೆಗೆದು ನೋಡಿ, ಹಳಬರ ಜಗಳ ಆಮೇಲೆ ಕೇಳಿ.