ಬಿಲ್ಲಿನ ಕೊನೆಯ ಸಾಲಿನಲ್ಲಿ ಚೀಲದ ಹನ್ನೆರಡು ರೂಪಾಯಿ: ನನ್ನ ಬೇಸರ ಸರಿಯೇ?

ಪ್ರಶ್ನೆ: ಕ್ಯಾತ್ಸಂದ್ರದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬದ ಹಿಂದಿನ ಭಾನುವಾರ ಅತ್ತೆಯವರನ್ನು ಕರೆದುಕೊಂಡು ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದೆ. ಮನೆಯಿಂದ ಹೊರಡುವಾಗಲೇ ನಾದಿನಿಯ ಮದುವೆಯಲ್ಲಿ ಉಳಿದಿದ್ದ ತಾಂಬೂಲದ ಬಟ್ಟೆ ಚೀಲವನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದೆ. ಬಾಗಿಲಲ್ಲಿದ್ದ ಕಾವಲುಗಾರರು ಅದನ್ನು ಪಡೆದು ಗೂಡಿನಲ್ಲಿಟ್ಟು ಟೋಕನ್ ಕೊಟ್ಟರು. ಎರಡು ಸೀರೆ, ಮಗಳಿಗೆ ಒಂದು ಲಂಗ, ಯಜಮಾನರಿಗೆ ಒಂದು ಪಂಚೆ ಆಯ್ದು ಮೊದಲ ಮಹಡಿಯ ಕೌಂಟರಿಗೆ ಬಂದಾಗ ಬಿಲ್ಲು ಮೂರು ಸಾವಿರದ ನಾನೂರು ದಾಟಿತ್ತು. ಹಣ ಕೊಡಲು ಹೊರಟಾಗ ಅಲ್ಲಿದ್ದ ಹುಡುಗ "ಕವರ್ ಬೇಕಾ ಮೇಡಂ, ಹನ್ನೆರಡು ರೂಪಾಯಿ ಆಗುತ್ತೆ" ಎಂದ.

ನನ್ನ ಚೀಲ ಕೆಳಗಿದೆ, ತರುತ್ತೇನೆ ಎಂದೆ. ಬಿಲ್ ಆದ ಬಟ್ಟೆಯನ್ನು ಇಲ್ಲಿ ಬಿಟ್ಟು ಹೋಗುವಂತಿಲ್ಲ, ಕಟ್ಟದೆ ಕೈಯಲ್ಲಿ ಹಿಡಿದು ಕೆಳಗೆ ಇಳಿಯುವಂತೆಯೂ ಇಲ್ಲ ಎಂದು ಉತ್ತರ ಬಂತು. ಹಿಂದೆ ಏಳೆಂಟು ಜನ ಕಾಯುತ್ತಿದ್ದರು, ಅತ್ತೆಯವರಿಗೆ ಮಂಡಿ ನೋವು. ಹನ್ನೆರಡು ರೂಪಾಯಿ ಕೊಟ್ಟೆ. ಆ ಕಾಗದದ ಚೀಲದ ಎರಡೂ ಬದಿಗೆ ಅಂಗೈ ಅಗಲದ ಅಕ್ಷರಗಳಲ್ಲಿ ಅಂಗಡಿಯ ಹೆಸರಿತ್ತು. ಕೆಳಗೆ ಬಂದು ಟೋಕನ್ ಕೊಟ್ಟು ನನ್ನ ಚೀಲವನ್ನು ಬಿಡಿಸಿಕೊಂಡಾಗ, ಅದನ್ನು ಆ ಹೊಸ ಚೀಲದೊಳಗೇ ತುರುಕಿಕೊಂಡು ಬಸ್ಸು ಹತ್ತಬೇಕಾಯಿತು.

ಹನ್ನೆರಡು ರೂಪಾಯಿ ನನಗೆ ದೊಡ್ಡದಲ್ಲ. ಅದೇ ದಿನ ಟೌನ್‌ಹಾಲ್ ಹತ್ತಿರ ಹೂ ಮಾರುವವರಲ್ಲಿ ಚೌಕಾಸಿ ಮಾಡದೆ ಮೂರು ಮೊಳ ಮಲ್ಲಿಗೆ ಕೊಂಡಿದ್ದೇನೆ. ಆದರೂ ಮನಸ್ಸಿಗೆ ಆದ ಕಸಿವಿಸಿ ಇನ್ನೂ ಹೋಗಿಲ್ಲ. ಪ್ಲಾಸ್ಟಿಕ್ ಕಡಿಮೆಯಾಗಲೆಂದು ಚೀಲಕ್ಕೆ ಬೆಲೆ ಇಟ್ಟಿದ್ದಾರೆ ಎನ್ನುವುದಾದರೆ, ಚೀಲ ತಂದವಳ ಕೈಯಿಂದ ಅದನ್ನು ಬಾಗಿಲಲ್ಲೇ ಕಿತ್ತಿಟ್ಟದ್ದು ಏಕೆ? ಹೀಗೆ ಹಣ ಪಡೆಯಲು ಕಾನೂನು ಒಪ್ಪುತ್ತದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಗ್ರಾಹಕ ಹಿತ

ಮೇಡಂ, ತಮ್ಮ ಬೇಸರಕ್ಕೆ ಕಾನೂನಿನ ಆಧಾರವೂ ಇದೆ.

ಮೊದಲು ಈ ಬೆಲೆ ಎಲ್ಲಿಂದ ಬಂತು ಎಂಬುದನ್ನು ಹೇಳುತ್ತೇನೆ. ಕೇಂದ್ರ ಸರ್ಕಾರ 2011ರಲ್ಲಿ ತಂದ ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳಲ್ಲಿ, ಪ್ಲಾಸ್ಟಿಕ್ ಕೈಚೀಲಗಳನ್ನು ಗ್ರಾಹಕರಿಗೆ ಉಚಿತವಾಗಿ ಕೊಡಬಾರದು ಎಂದಿತ್ತು. ಬೆಲೆ ತೆತ್ತರೆ ಜನ ಎರಡು ಸಲ ಯೋಚಿಸುತ್ತಾರೆ ಎಂಬುದು ಅದರ ಉದ್ದೇಶ. 2016ರ ನಿಯಮಗಳಲ್ಲಿ, ಪ್ಲಾಸ್ಟಿಕ್ ಚೀಲ ಕೊಡುವ ಅಂಗಡಿಯವರು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ತಿಂಗಳಿಗೆ ಕನಿಷ್ಠ 4,000 ರೂಪಾಯಿಯಂತೆ ವರ್ಷಕ್ಕೆ 48,000 ರೂಪಾಯಿ ಕಟ್ಟಬೇಕೆಂದು ಹೇಳಲಾಯಿತು. 2018ರ ತಿದ್ದುಪಡಿಯಲ್ಲಿ ಆ ನಿಯಮವನ್ನೇ ಕೈಬಿಡಲಾಯಿತು. ಇವೆಲ್ಲವೂ ಪ್ಲಾಸ್ಟಿಕ್ ಚೀಲದ ಮಾತು. ಕಾಗದದ ಚೀಲಕ್ಕೋ ಬಟ್ಟೆಯ ಚೀಲಕ್ಕೋ ಹಣ ವಸೂಲು ಮಾಡಿ ಎಂದು ಆ ನಿಯಮಗಳು ಅಂಗಡಿಯವರಿಗೆ ಹೇಳಿರಲಿಲ್ಲ. ಪ್ಲಾಸ್ಟಿಕ್ ಹೋಯಿತು, ಬೆಲೆ ಕೇಳುವ ರೂಢಿ ಮಾತ್ರ ಉಳಿದುಕೊಂಡಿತು.

ಇನ್ನು ತೀರ್ಪುಗಳ ವಿಷಯ. ರಾಷ್ಟ್ರೀಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವು 2020ರ ಡಿಸೆಂಬರ್‌ನಲ್ಲಿ, ಒಂದು ದೊಡ್ಡ ಮಳಿಗೆ ಸರಣಿಯ ವಿರುದ್ಧದ ಪ್ರಕರಣದಲ್ಲಿ, ಮೊದಲೇ ತಿಳಿಸದೆ ಹಣ ಪಾವತಿಸುವ ಕೌಂಟರಿನಲ್ಲಿ ಚೀಲಕ್ಕೆ ಪ್ರತ್ಯೇಕ ಬೆಲೆ ಕೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿತು. ಚೀಲಕ್ಕೆ ಹಣ ಕೊಡಬೇಕಾಗುತ್ತದೆ, ಅದರ ಬೆಲೆ ಇಷ್ಟು ಎಂಬುದು ಆ ಅಂಗಡಿಯಲ್ಲಿ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲೇ ಗ್ರಾಹಕರಿಗೆ ಗೊತ್ತಿರಬೇಕು ಎಂಬುದು ಅದರ ತಿರುಳು. ನಮ್ಮ ಬೆಂಗಳೂರಿನಲ್ಲಿಯೇ 2023ರ ಅಕ್ಟೋಬರ್‌ನಲ್ಲಿ, ತನ್ನ ಲಾಂಛನವನ್ನು ಮುದ್ರಿಸಿದ ಚೀಲಕ್ಕೆ 20 ರೂಪಾಯಿ ಪಡೆದಿದ್ದ ಪೀಠೋಪಕರಣದ ಮಳಿಗೆಯೊಂದು ಆ ಹಣದ ಜೊತೆಗೆ ಪರಿಹಾರವನ್ನೂ ಖರ್ಚನ್ನೂ ಸೇರಿಸಿ ಸುಮಾರು 3,000 ರೂಪಾಯಿ ಕೊಡಬೇಕೆಂದು ಗ್ರಾಹಕರ ಆಯೋಗ ಆದೇಶಿಸಿತು. ಆದರೆ ಚೀಲವನ್ನು ಸದಾ ಪುಕ್ಕಟೆ ಕೊಡಲೇಬೇಕು ಎಂದು ರಾಷ್ಟ್ರೀಯ ಆಯೋಗದ ಆದೇಶವನ್ನು ಅರ್ಥ ಮಾಡಿಕೊಳ್ಳಬಾರದು. ಬಾಗಿಲಲ್ಲಿ ಎದ್ದು ಕಾಣುವಂತೆ ಫಲಕ ಹಾಕಿ, ಮನೆಯ ಚೀಲವನ್ನು ಒಳಗೆ ಬಿಟ್ಟುಕೊಂಡ ಅಂಗಡಿಯ ವಿಷಯ ಬೇರೆ. ತಮ್ಮ ಸಂದರ್ಭದಲ್ಲಿ ಈ ಎರಡೂ ನಡೆದಿಲ್ಲ.

ಬಿಲ್ಲನ್ನು ಜೋಪಾನವಾಗಿ ಇಡಿ, ಟೋಕನ್ ಅಥವಾ ಗೂಡಿನ ಫೋಟೊ ಇದ್ದರೆ ಅದನ್ನೂ ಇಡಿ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ತುಮಕೂರಿನಲ್ಲಿಯೇ ಇರುವ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಉತ್ತರ 2: ಮಂಡಿಪೇಟೆ ದಿನಸಿ

ನಾನು ಚಿಕ್ಕ ದಿನಸಿ ಅಂಗಡಿ ನಡೆಸುವವನು. ಮೇಡಂ ಅವರಿಗೆ ಆದದ್ದು ಅನ್ಯಾಯ ಎಂದು ನಾನೂ ಒಪ್ಪುತ್ತೇನೆ. ಆದರೆ ಅಂಗಡಿಯವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ನನ್ನ ವಿನಂತಿ.

ನಮ್ಮ ತಂದೆಯವರ ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಹುರಿಯ ಉಂಡೆ ನೇತಾಡುತ್ತಿತ್ತು. ತೊಗರಿಬೇಳೆ, ಬೆಲ್ಲ, ಹುಣಸೆಹಣ್ಣು ಎಲ್ಲವನ್ನೂ ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಹುರಿ ಸುತ್ತಿ ಕೊಡುತ್ತಿದ್ದರು. ಎಣ್ಣೆಗೆ ಜನ ಡಬ್ಬಿ ತರುತ್ತಿದ್ದರು. ಚೀಲವಿಲ್ಲದೆ ಪೇಟೆಗೆ ಬರುವವರೇ ಇರಲಿಲ್ಲ. ಪ್ಲಾಸ್ಟಿಕ್ ಕವರ್ ಬಂದ ಮೇಲೆ ಆ ಅಭ್ಯಾಸ ಹೋಯಿತು, ಅದನ್ನು ಹೋಗಲಾಡಿಸಿದವರಲ್ಲಿ ನಮ್ಮಂಥ ಅಂಗಡಿಯವರೂ ಇದ್ದೇವೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಎಷ್ಟೇ ದಪ್ಪದ್ದಾದರೂ ಪ್ಲಾಸ್ಟಿಕ್ ಕೈಚೀಲ ಕೂಡದು ಎಂದು ಆದೇಶ ಹೊರಡಿಸಿದಾಗ ನಾನು ಕವರ್ ಕೊಡುವುದನ್ನು ನಿಲ್ಲಿಸಿದೆ. ಮೊದಲ ತಿಂಗಳು ಅರ್ಧ ಕೆಜಿ ಸಕ್ಕರೆ ತೂಗಿಸಿಕೊಂಡು "ಕವರ್ ಇಲ್ಲವೇ, ಹಾಗಾದರೆ ಬೇಡ ಬಿಡಿ" ಎಂದು ಎದ್ದು ಹೋದವರು ಎಷ್ಟೋ ಮಂದಿ. ಪಕ್ಕದವರು ಮೇಜಿನ ಕೆಳಗಿನಿಂದ ಕವರ್ ತೆಗೆದು ಕೊಡುತ್ತಿದ್ದರು.

ಈಗ ನಾನು ಕಾಡಾ ಬಟ್ಟೆಯ ಚೀಲ ಇಟ್ಟಿದ್ದೇನೆ. ಹದಿನೈದು ರೂಪಾಯಿ ಪಡೆಯುತ್ತೇನೆ. ಚೀಲದ ಮೇಲೆ ಅಂಗಡಿಯ ಹೆಸರಿಲ್ಲ. ಯಾವಾಗ ಹಿಂದಕ್ಕೆ ತಂದರೂ ಹದಿನೈದು ರೂಪಾಯಿಯನ್ನು ಹಾಗೆಯೇ ಕೊಡುತ್ತೇನೆ. ಗುಬ್ಬಿ ಕಡೆಯಿಂದ ಬರುವ ಒಬ್ಬ ಅಜ್ಜಿ ಸೆರಗಿನ ಗಂಟಿನಲ್ಲಿ ಲೆಕ್ಕದ ಹಣ ತರುತ್ತಾರೆ, ಅವರ ಪಾಲಿಗೆ ಹದಿನೈದು ರೂಪಾಯಿ ಎಂದರೆ ಊರಿಗೆ ಮರಳುವ ದಾರಿ ಖರ್ಚಿನ ಒಂದು ಪಾಲು. ಮೊದಲ ಸಲ ಬೆಲೆ ಕೇಳಿದಾಗ ಅವರ ಮುಖ ಇಳಿದುಹೋಯಿತು. ವಾಪಸು ಕೊಡುತ್ತೇನೆಂದು ಹೇಳಿದ ಮೇಲೆ ತೆಗೆದುಕೊಂಡರು, ಮುಂದಿನ ಸಂತೆಗೆ ಅದೇ ಚೀಲ ಒಗೆದು ತಂದರು. ಹಣ ವಾಪಸು ಕೇಳಲಿಲ್ಲ, ಅದರಲ್ಲೇ ಸಾಮಾನು ತುಂಬಿಸಿಕೊಂಡು ಹೋದರು. ಅವರ ವಿಷಯ ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ: ಚೀಲಕ್ಕೆ ಹಣ ಕೇಳುವುದರಿಂದ ಯಾರಿಗೆ ಎಷ್ಟು ಹೊರೆಯಾಗುತ್ತದೆ ಎಂಬುದು ಕೌಂಟರಿನ ಈ ಕಡೆ ನಿಂತವರಿಗೆ ಮಾತ್ರ ಕಾಣುತ್ತದೆ.

ಉತ್ತರ 3: ನಿವೃತ್ತ ಶಿಕ್ಷಕಿ, ಎಸ್.ಎಸ್. ಪುರಂ

ಚೀಲಕ್ಕೆ ಬೆಲೆ ಇರುವುದು ಒಳ್ಳೆಯದೆಂದೇ ನಾನು ನಂಬಿರುವವಳು. ಪುಕ್ಕಟೆ ಸಿಕ್ಕಿದ್ದನ್ನು ನಾವು ಮನೆ ಸೇರುವ ಮೊದಲೇ ಬಿಸಾಡುತ್ತೇವೆ, ಅದನ್ನು ಅಮಾನಿಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಹೋಗುವಾಗ ಪ್ರತಿದಿನ ನೋಡುತ್ತೇನೆ. ಆದರೆ ಆ ಹಣ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿಲ್ಲ.

ಐರ್ಲೆಂಡ್ ದೇಶ 2002ರ ಮಾರ್ಚ್‌ನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ವಿಧಿಸಿತು. ಅದು ತೆರಿಗೆ; ಅಂಗಡಿಯವರು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕು, ಅಲ್ಲಿಂದ ಅದು ಪರಿಸರ ನಿಧಿಗೆ ಹೋಗುತ್ತಿತ್ತು. ಚೀಲದ ಬಳಕೆ ಕೆಲವೇ ತಿಂಗಳುಗಳಲ್ಲಿ ಶೇಕಡ 90ರಷ್ಟು ಇಳಿಯಿತು, ಜನರಿಂದ ದೊಡ್ಡ ವಿರೋಧವೂ ಬರಲಿಲ್ಲ. ತಾವು ಕೊಟ್ಟ ಕಾಸು ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಪ್ರಶ್ನೆ ಕೇಳಿದ ತಂಗಿ ಕೊಟ್ಟ ಹನ್ನೆರಡು ರೂಪಾಯಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಸೇರಿತು, ಅಂಗಡಿಯ ಜಾಹೀರಾತನ್ನು ಅವರೇ ಊರೆಲ್ಲ ಹೊತ್ತು ತಿರುಗಿದರು. ಪರಿಸರದ ಹೆಸರು ಹೇಳಿ ವ್ಯಾಪಾರ ಮಾಡಿದಾಗ ಜನರಿಗೆ ಪರಿಸರದ ಮಾತಿನ ಮೇಲೆಯೇ ನಂಬಿಕೆ ಹೋಗುತ್ತದೆ, ನನಗೆ ಅತಿಯಾಗಿ ನೋವು ಕೊಡುವುದು ಇದೇ.

ಇನ್ನೊಂದು ಎಚ್ಚರಿಕೆ. ಬಟ್ಟೆ ಚೀಲವೆಂದು ಹೇಳಿ ಹಲವು ಅಂಗಡಿಗಳು ಮಾರುವ, ಹಸಿರು ನೀಲಿ ಬಣ್ಣದ, ಮುಟ್ಟಿದರೆ ಒರಟಾಗಿರುವ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನಿಂದ ಒಂದು ಎಳೆಯನ್ನು ಕತ್ತರಿಸಿ ದೀಪಕ್ಕೆ ಹಿಡಿದರೆ ಅದು ಮುದುಡಿ, ಕರಗಿ, ಗಟ್ಟಿ ಮಣಿಯಂತಾಗುತ್ತದೆ. ಹತ್ತಿಯ ಎಳೆ ಉರಿದು ಬೂದಿಯಾಗುತ್ತದೆ. ಹಾಗೆಂದು ಹತ್ತಿಯ ಚೀಲವನ್ನೂ ಕಂಡಕಂಡಲ್ಲಿ ಕೊಳ್ಳಬಾರದು. ಹತ್ತಿ ಬೆಳೆಯಲು, ನೇಯಲು ತಗಲುವ ನೀರು ಮತ್ತು ಇಂಧನ ಬಹಳ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ, ಹವಾಮಾನದ ಮೇಲಿನ ಪರಿಣಾಮದಲ್ಲಿ ಅದು ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗುತ್ತದೆ. ಮದುವೆಯಲ್ಲಿ ಬಂದ ತಾಂಬೂಲದ ಚೀಲವನ್ನು ವರ್ಷಗಟ್ಟಲೆ ಬಳಸುವ ಮನೆಯವರು ಆ ಲೆಕ್ಕವನ್ನು ಸದ್ದಿಲ್ಲದೆ ದಾಟಿರುತ್ತಾರೆ, ಅಂಥವರ ಚೀಲವನ್ನೇ ಅಂಗಡಿ ಬಾಗಿಲಲ್ಲಿ ತಡೆಯಿತಲ್ಲ.

ಉತ್ತರ 4: ಕೌಂಟರ್ ಕೆಲಸಗಾರ

ನಾನು ಇಂಥದೇ ಒಂದು ಮಳಿಗೆಯಲ್ಲಿ ಬಿಲ್ ಹಾಕುವವನು. ಚೀಲದ ಬೆಲೆಯನ್ನು ನಾವು ನಿರ್ಧರಿಸುವುದಿಲ್ಲ, ಪುಕ್ಕಟೆ ಕೊಟ್ಟರೆ ರಾತ್ರಿ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನು ನಾವೇ ತುಂಬಬೇಕು. ಆದರೆ ದಿನವೂ ಬೈಸಿಕೊಳ್ಳುವವರು ನಾವು. ಕಳ್ಳತನದ ಭಯಕ್ಕೆ ಚೀಲವನ್ನು ಹೊರಗೆ ಇಡಿಸುತ್ತಾರೆ ಎಂಬುದು ನಿಜ, ಆದರೆ ಆ ಗೂಡನ್ನು ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲಿ ಇಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮೇಡಂ, ತಾವು ಕೌಂಟರಿನ ಹುಡುಗನ ಮೇಲೆ ಕೂಗಾಡದೆ ಬಂದದ್ದಕ್ಕೆ ಧನ್ಯವಾದ. ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನ ದೂರನ್ನು ನಾವು ಮೇಲಕ್ಕೆ ಮುಟ್ಟಿಸಿದರೂ ಯಾರೂ ಕೇಳುವುದಿಲ್ಲ.

ಮರುನುಡಿ: ಕ್ಯಾತ್ಸಂದ್ರದ ಗೃಹಿಣಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಬಿಲ್ಲಿನ ಪ್ರತಿಯೊಂದಿಗೆ ಆ ಅಂಗಡಿಗೆ ಪತ್ರ ಕೊಟ್ಟು ಬಂದೆ. ಹಣ ವಾಪಸು ಕೇಳಿಲ್ಲ. ಚೀಲದ ಬೆಲೆಯನ್ನು ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆದು ಹಾಕಬೇಕು, ಮನೆಯಿಂದ ತಂದ ಚೀಲ ಬಿಲ್ ಹಾಕುವ ಸ್ಥಳದಲ್ಲಿ ಕೈಗೆ ಸಿಗಬೇಕು ಎಂದು ಎರಡೇ ಬೇಡಿಕೆ ಬರೆದಿದ್ದೇನೆ. ಪತ್ರ ತಲುಪಿದ್ದಕ್ಕೆ ಮುದ್ರೆ ಹಾಕಿಸಿಕೊಂಡಿದ್ದೇನೆ. ಒಂದು ತಿಂಗಳು ಕಾದು, ಬದಲಾವಣೆ ಕಾಣದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ.

ಶಿಕ್ಷಕಿ ಅಕ್ಕನವರು ಹೇಳಿದಂತೆ ಮನೆಯಲ್ಲಿದ್ದ ಹಸಿರು ಚೀಲದ ಎಳೆಯನ್ನು ದೀಪಕ್ಕೆ ಹಿಡಿದು ನೋಡಿದೆ, ಕರಗಿ ಮಣಿಯಾಯಿತು. ಎರಡು ವರ್ಷದಿಂದ ಅದನ್ನು ಬಟ್ಟೆಯೆಂದೇ ತಿಳಿದಿದ್ದೆ.

ಮಂಡಿಪೇಟೆಯ ಅಣ್ಣನವರಲ್ಲಿ ಒಂದು ವಿಚಾರಣೆ. ತಮ್ಮ ಕಾಡಾ ಚೀಲಗಳನ್ನು ಯಾರಿಂದ ಹೊಲಿಸುತ್ತೀರಿ? ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ಆರು ಹೊಲಿಗೆ ಯಂತ್ರಗಳಿವೆ, ಹಬ್ಬ ಮುಗಿದ ಮೇಲೆ ಅವಕ್ಕೆ ಕೆಲಸ ಕಡಿಮೆ. ಐದು ಕೆಜಿ ಅಕ್ಕಿಯ ಭಾರ ತಡೆಯುವ ಅಳತೆ ಯಾವುದು, ಹಿಡಿಕೆಗೆ ಎಷ್ಟು ಅಗಲದ ಪಟ್ಟಿ ಬೇಕು ಎಂದು ತಿಳಿಸಿದರೆ, ಮಾದರಿಗೆ ಎರಡು ಚೀಲ ಹೊಲಿದು ಬರುವ ವಾರ ತಮ್ಮ ಅಂಗಡಿಗೆ ತರುತ್ತೇವೆ.