ತೇಗದ ಹಡಗಿನ ಮಾದರಿಯನ್ನು ತೇಗದಲ್ಲೇ ಕಟ್ಟಬೇಕೇ? ಟ್ರಿಂಕೋಮಲೀ ಬಗ್ಗೆ ಸಲಹೆ ಬೇಕು

ಬೆಳಗಾವಿ ಮೇಸ್ತ್ರಿ:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದೆ, ಈಗ ನಿವೃತ್ತ. ಪಂಪಿನ ಹೊದಿಕೆಯಾಗಲಿ ಗೇರ್ ಪೆಟ್ಟಿಗೆಯಾಗಲಿ, ಎರಕಕ್ಕೆ ಹೋಗುವ ಮೊದಲು ಅದರ ರೂಪ ಮರದಲ್ಲಿ ತಯಾರಾಗಬೇಕು. ಬೀಡು ಆರುವಾಗ ಅಡಿಗೆ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕುಗ್ಗುತ್ತದೆ ಎಂಬ ಲೆಕ್ಕ ಹಿಡಿದೇ ಕೆತ್ತಿದವನು ನಾನು. ಅಳತೆಯ ಭಯವಿಲ್ಲ. ಮರದ ವಿಷಯದಲ್ಲಿ ಮಾತ್ರ ಒಂದು ನಿರ್ಧಾರಕ್ಕೆ ಬರಲಾಗುತ್ತಿಲ್ಲ.

ಎಚ್‌ಎಂಎಸ್ ಟ್ರಿಂಕೋಮಲೀ ಹಡಗನ್ನು ಕಿಟ್ ಇಲ್ಲದೆ, ನಕ್ಷೆ ನೋಡಿ, 1:64 ಅಳತೆಯಲ್ಲಿ ಕಟ್ಟಬೇಕೆಂದಿದ್ದೇನೆ. ವಿಕ್ಟರಿಯನ್ನು ಕಟ್ಟಿ ಎಂದು ಮಗ ಹೇಳುತ್ತಾನೆ. ಅದರ ಕಿಟ್ ಸಿಗುತ್ತದೆ, ಟ್ರಫಾಲ್ಗರ್ ಕದನದ ಹಡಗು, ನೋಡಿದವರಿಗೆಲ್ಲ ಗುರುತು ಹತ್ತುತ್ತದೆ. ಆದರೆ ನನ್ನ ಮನಸ್ಸು ಮುಂಬಯಿಯಲ್ಲಿ ಹುಟ್ಟಿದ ಹಡಗಿನ ಮೇಲಿದೆ. 1816ರಲ್ಲಿ ಅದರ ಕೀಲ್, ಅಂದರೆ ತಳದ ಬೆನ್ನುಮರ ಇಟ್ಟಾಗ ಹಡಗು ಕಟ್ಟುವ ಮೇಸ್ತ್ರಿ ಜಮ್ಶೆಡ್ಜಿ ಬೊಮಾನ್ಜಿ ವಾಡಿಯಾ ಪಾರ್ಸಿ ಸಂಪ್ರದಾಯದಂತೆ ಅದಕ್ಕೊಂದು ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ನೆಪೋಲಿಯನ್ ಕಾಲದ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಇದಕ್ಕೆ ಹಾಕಿದ್ದು ಮಲಬಾರ್ ತೇಗ. ಓಕ್‌ನ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದೇ ಮೊಳೆಯನ್ನು ಕಾಯುತ್ತದೆ. 200 ವರ್ಷ ದಾಟಿದ ಆ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ ಎಂದರೆ ಅದರಲ್ಲಿ ಮರದ ಪಾಲು ದೊಡ್ಡದು.

ನನ್ನ ಬಳಿ ದಾಂಡೇಲಿ ಕಡೆಯ ಹಳೆಯ ತೇಗ ಇದೆ. ಕೆಡವಿದ ಮನೆಯೊಂದರ ತೊಲೆ, ಪೂರ್ತಿ ಒಣಗಿದ್ದು, ಇನ್ನು ಬಾಗುವುದಿಲ್ಲ, ಸೀಳುವುದಿಲ್ಲ. ತೇಗದ ಹಡಗನ್ನು ತೇಗದಲ್ಲೇ ಕಟ್ಟುವುದು ನ್ಯಾಯವಲ್ಲವೇ? ಬೇಡ ಎನ್ನುವವರು ಕಾರಣ ಹೇಳಿ. ಮುಂಭಾಗದ ದುಂಡಗಿನ ತಿರುವಿಗೆ ಹಲಗೆ ಕೂರಿಸುವ ಕ್ರಮವನ್ನೂ ಬಲ್ಲವರು ತಿಳಿಸಬೇಕು.

ಹಳೆಬಂದರಿನವನು, ಮಂಗಳೂರು:

ಮೇಸ್ತ್ರಿಗಳೇ, ಆಯ್ಕೆ ಬಹಳ ಸೊಗಸಾಗಿದೆ. ಆದರೂ ಹೊರಮೈಗೆ ತೇಗ ಬೇಡ ಎಂದೇ ಹೇಳುತ್ತೇನೆ.

ತೇಗವನ್ನು ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ವರ್ಷದ ಉಂಗುರದ ಆರಂಭದಲ್ಲಿರುವ ರಂಧ್ರಗಳು ಕಾಲು ಮಿಲಿಮೀಟರ್ ಆಸುಪಾಸಿನವು. ಅದನ್ನು 64ರಿಂದ ಗುಣಿಸಿದರೆ ಒಂದೂವರೆ ಸೆಂಟಿಮೀಟರ್. ಹೆಬ್ಬೆರಳಿನಷ್ಟು ದಪ್ಪದ ತೂತುಗಳು ಹಲಗೆಯ ಉದ್ದಕ್ಕೂ ಇರುವ ಯುದ್ಧನೌಕೆಯನ್ನು ಯಾವ ನಾವಿಕ ಹತ್ತುತ್ತಾನೆ? ನೀವು ಹಡಗನ್ನು ಕಿರಿದು ಮಾಡಬಹುದು, ಮರದ ಎಳೆ ನಿಮ್ಮ ಮಾತು ಕೇಳಿ ಕಿರಿದಾಗುವುದಿಲ್ಲ. ಪ್ಯಾಟರ್ನ್ ಕೆಲಸದಲ್ಲಿ ಲಪ್ಪ ಬಳಿದು, ಬಣ್ಣ ಹಚ್ಚಿ ರಂಧ್ರ ಮುಚ್ಚುತ್ತೀರಿ. ಇಲ್ಲಿ ಮರವೇ ಕಾಣಬೇಕು. ಬ್ರಿಟಿಷ್ ನೌಕಾಪಡೆಗಾಗಿ 17, 18ನೆಯ ಶತಮಾನಗಳಲ್ಲಿ ಮಾಡಿದ ಮಾದರಿಗಳು ಗ್ರೀನಿಚ್‌ನ ಸಂಗ್ರಹಾಲಯದಲ್ಲಿವೆ. ನಿಜದ ಹಡಗುಗಳು ಓಕ್‌ನವು. ಮಾದರಿ ಮಾಡಿದವರು ಹೆಚ್ಚಾಗಿ ಪೇರ್ ಮತ್ತು ಬಾಕ್ಸ್‌ವುಡ್ ಮರ ಆರಿಸಿಕೊಂಡರು. ಓಕ್ ಸಿಗದೆ ಹಾಗೆ ಮಾಡಿದ್ದಲ್ಲ.

ಇನ್ನೊಂದು ತೊಂದರೆ ಅಂಟು. ಮೊಳೆಯನ್ನು ಕಾಯುವ ಆ ಎಣ್ಣೆಯೇ ಅಂಟು ಹಿಡಿಯದಂತೆ ಮಾಡುತ್ತದೆ. ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟಿಸಿದರೆ ನಿಲ್ಲುತ್ತದೆ. ಪ್ರತಿ ಪಟ್ಟಿಗೂ ಹಾಗೆ ಮಾಡುವುದು ಶಿಕ್ಷೆ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಎಷ್ಟು ಬೇಗ ಮೊಂಡು ಮಾಡುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ನಮ್ಮಲ್ಲೇ ಎರಡು ಒಳ್ಳೆಯ ಮರಗಳಿವೆ. ಒಂದು, ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ. ಬಿಳಿ, ನಯ, ಎಳೆ ಕಾಣುವುದೇ ಇಲ್ಲ; ಡೆಕ್ಕಿಗೆ ಮತ್ತು ಕೆತ್ತನೆಗೆ ಅದು. ಇನ್ನೊಂದು, ಅರಿಶಿನ ತೇಗ ಎಂದೂ ಕರೆಯುವ ಹೆದ್ದಿ. ಹೆಸರಿನಲ್ಲಿ ತೇಗವಿದೆ, ಜಾತಿ ಬೇರೆ. ಹಳದಿ ಛಾಯೆಯ ಸಮನಾದ ಮೈ, ಹಿಂದೆ ಗಿರಣಿಗಳ ಬಾಬಿನ್‌ಗೆ ಬಳಸುತ್ತಿದ್ದ ಮರ. ಹೊರಮೈಗೆ ಇದನ್ನು ಹಾಕಿ, ತೆಳುವಾಗಿ ಎಣ್ಣೆ ಸವರಿ ನೋಡಿ. ತೇಗದ ಹಡಗನ್ನು ದೂರದಿಂದ ಕಂಡಂತೆ ಕಾಣುತ್ತದೆ.

ನಿಮ್ಮ ದಾಂಡೇಲಿ ತೊಲೆಗೂ ಕೆಲಸವಿದೆ. ಬೆನ್ನುಮರ, ಅದರ ಮೇಲೆ ನಿಲ್ಲುವ ಅಡ್ಡ ಚೌಕಟ್ಟುಗಳು, ಕೆಳಗಿನ ಪೀಠ, ಇವೆಲ್ಲ ತೇಗದವೇ ಆಗಲಿ. ಬಾಗದ ಮರ ಬೇಕಾದದ್ದು ಅಲ್ಲಿಯೇ.

ಟೈನ್ ದಂಡೆಯ ಕನ್ನಡಿಗ, ನ್ಯೂಕ್ಯಾಸಲ್:

ಹಾರ್ಟಲ್‌ಪೂಲ್ ನಮ್ಮ ಮನೆಯಿಂದ ದೂರವಿಲ್ಲ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ಆ ಹಡಗನ್ನು ತೋರಿಸುತ್ತೇನೆ. ಕೆಳಗಿನ ಡೆಕ್ಕಿನಲ್ಲಿ ತಲೆ ಬಗ್ಗಿಸಿಯೇ ನಡೆಯಬೇಕು. ಇದು ಮುಂಬಯಿಯ ಕೆಲಸ ಎಂದು ಹೇಳಿದಾಗ ನಮ್ಮವರು ತೊಲೆಗಳನ್ನು ಕೈಯಿಂದ ಮುಟ್ಟಿ ನೋಡುತ್ತಾರೆ.

ಮೇಸ್ತ್ರಿಗಳೇ, ಮರಕ್ಕಿಂತ ಮೊದಲು ವರ್ಷವನ್ನು ತೀರ್ಮಾನಿಸಿ. ಈ ಹಡಗು 1819ರಲ್ಲಿ ಪೋರ್ಟ್ಸ್‌ಮತ್ ತಲುಪಿ, 1840ರ ದಶಕದವರೆಗೂ ಮೀಸಲಿನಲ್ಲೇ ನಿಂತಿತ್ತು. ಕಟ್ಟುವಾಗ 38 ತೋಪುಗಳ ದರ್ಜೆಯ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆ. ಆಮೇಲೆ ಹಿಂಭಾಗದ ಆಕಾರ ಬದಲಿಸಿ, ಕಡಿಮೆ ಸಂಖ್ಯೆಯ ಭಾರಿ ತೋಪುಗಳನ್ನಿಟ್ಟು, 26 ತೋಪುಗಳ ಕಾರ್ವೆಟ್, ಅಂದರೆ ಫ್ರಿಗೇಟಿಗಿಂತ ಕೆಳಗಿನ ದರ್ಜೆಯ ಯುದ್ಧನೌಕೆ, ಮಾಡಿದರು. 1847ರಲ್ಲಿ ಅದು ಸೇವೆಗೆ ಹೊರಟದ್ದು ಆ ರೂಪದಲ್ಲಿ. ಆದ್ದರಿಂದ ಇಂದಿನ ಫೋಟೋ ನೋಡಿ ಹಿಂಭಾಗ ಕೆತ್ತಿ, 1817ರ ನಕ್ಷೆ ನೋಡಿ ತೋಪಿನ ಕಿಂಡಿ ಕೊರೆದರೆ ಎಂದೂ ಇರದಿದ್ದ ಹಡಗು ತಯಾರಾಗುತ್ತದೆ.

ಇದು ಲೀಡಾ ದರ್ಜೆಯದು. 1782ರಲ್ಲಿ ಸೆರೆಹಿಡಿದ ಎಬೆ ಎಂಬ ಫ್ರೆಂಚ್ ಹಡಗಿನ ಮೈಕಟ್ಟನ್ನು ಅನುಸರಿಸಿ ರೂಪಿಸಿದ ದರ್ಜೆ. ನೌಕಾಪಡೆಯ ಹಳೆಯ ನಕ್ಷೆಗಳ ದೊಡ್ಡ ಸಂಗ್ರಹ ಗ್ರೀನಿಚ್‌ನಲ್ಲೇ ಇದೆ, ಪ್ರತಿ ತರಿಸಿಕೊಳ್ಳಬಹುದು. ಟ್ರಿಂಕೋಮಲೀ ಕಟ್ಟಲೆಂದು ಮುಂಬಯಿಗೆ ಹೊರಟ ಮೊದಲ ನಕ್ಷೆಗಳು ಜಾವಾ ಎಂಬ ಹಡಗಿನಲ್ಲಿದ್ದವು. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಅದನ್ನು ಸೋಲಿಸಿತು, ನಕ್ಷೆಗಳೂ ಹೋದವು. ಮತ್ತೆ ಕಳುಹಿಸಬೇಕಾಯಿತು.

ಚನ್ನಪಟ್ಟಣದ ಪಟ್ಟಡೆ:

ಆಲೆ ಮರದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹಸಿ ಮರ ಕೊಳ್ಳಬೇಡಿ, ಬೂಷ್ಟು ಹಿಡಿದು ನೀಲಿ ಕಲೆ ಬೀಳುತ್ತದೆ. ಹಾಯಿಕಂಬವನ್ನು ಲೇತಿಗೆ ಕಟ್ಟುವ ಯೋಚನೆ ಇದ್ದರೆ ಅದೂ ಬೇಡ. ಉದ್ದನೆಯ ಸಣಕಲು ಕಡ್ಡಿ ತಿರುಗುವಾಗ ನಡುವೆ ಕುಣಿಯುತ್ತದೆ, ಉಳಿ ಸಮವಾಗಿ ತಾಗುವುದಿಲ್ಲ. ಚೌಕ ಕಡ್ಡಿಯನ್ನು ಹತ್ತರಿಯಿಂದ ಎಂಟು ಮೂಲೆ ಮಾಡಿ, ಆಮೇಲೆ ಹದಿನಾರು, ಕೊನೆಗೆ ಉಪ್ಪುಕಾಗದ. ತೋಪುಗಳಿಗೆ ಮಾತ್ರ ಲೇತ್.

ಬೆಳಗಾವಿ ಮೇಸ್ತ್ರಿ:

ಎಲ್ಲರಿಗೂ ಕೃತಜ್ಞ. ತೇಗವನ್ನು ಅಡ್ಡ ಕೊಯ್ದು ನೋಡಿದೆ. ಜೀವನವಿಡೀ ಹಿಡಿದ ಮರ, ಆದರೆ ಅದರ ರಂಧ್ರವನ್ನು ಯಾವತ್ತೂ 64ರಿಂದ ಗುಣಿಸಿರಲಿಲ್ಲ. ಮಂಗಳೂರಿನವರ ಮಾತು ಒಪ್ಪಿದೆ. ಹೊರಮೈಗೆ ಹೆದ್ದಿ, ಡೆಕ್ಕಿಗೆ ಆಲೆ, ಬೆನ್ನುಮರಕ್ಕೆ ತೇಗ. ಬೆನ್ನುಮರಕ್ಕೆ ಬೆಳ್ಳಿಯ ಮೊಳೆಯೂ ಬೀಳಲಿದೆ, ಅದನ್ನು ಬಿಡುವುದಿಲ್ಲ. ವರ್ಷ 1817, ವಾಡಿಯಾ ಅವರ ಕೈಯಿಂದ ಹೊರಟ ರೂಪವೇ ನನಗೆ ಬೇಕು. ತೋಪಿನ ಡೆಕ್ 150 ಅಡಿ ಉದ್ದ, ಹಡಗಿನ ಅಗಲ 40 ಅಡಿ. ನನ್ನ ಅಳತೆಯಲ್ಲಿ 28 ಇಂಚು, ಏಳೂವರೆ ಇಂಚು. ಮುಂಭಾಗದ ಹಲಗೆಯ ವಿಷಯ ಬಾಕಿ ಇದೆ.

ಹಳೆಬಂದರಿನವನು, ಮಂಗಳೂರು:

ಹೇಳುತ್ತೇನೆ. ಹಡಗಿನ ನಡುಭಾಗದಲ್ಲಿ ಪಕ್ಕೆಯ ಸುತ್ತಳತೆ ಹೆಚ್ಚು, ಮೂತಿಯ ಹತ್ತಿರ ಕಡಿಮೆ. ಎರಡೂ ಕಡೆ ಹಲಗೆಗಳ ಸಂಖ್ಯೆ ಒಂದೇ ಇರಬೇಕಾದರೆ ಹಲಗೆ ಮೂತಿಯತ್ತ ಕಿರಿದಾಗಲೇಬೇಕು. ಒಂದೊಂದು ಚೌಕಟ್ಟಿನ ಅಂಚಿಗೂ ಕಾಗದದ ಪಟ್ಟಿ ಸುತ್ತಿ ಉದ್ದ ಗುರುತಿಸಿ, ಆ ಉದ್ದವನ್ನು ಹಲಗೆಗಳ ಸಂಖ್ಯೆಯಿಂದ ಭಾಗಿಸಿ. ಆ ಜಾಗದಲ್ಲಿ ಹಲಗೆಯ ಅಗಲ ಅಷ್ಟೇ. ತುದಿಯ ಅಗಲ ಪೂರ್ಣ ಅಗಲದ ಅರ್ಧಕ್ಕಿಂತ ಕಡಿಮೆಯಾಗುವಂತಿದ್ದರೆ ಎರಡು ಹಲಗೆಗಳನ್ನು ಒಂದಾಗಿ ಸೇರಿಸಿ. ಹಿಂಭಾಗದ ಕೆಳಗೆ ಇದರ ತಿರುಗುಮುರುಗು: ಅಲ್ಲಿ ಜಾಗ ಅಗಲವಾಗುತ್ತದೆ, ನಡುವೆ ತುಂಡು ಹಲಗೆ ಸೇರಿಸಬೇಕು. ಬಿಸಿ ತಾಗಿಸಿದರೆ ಪಟ್ಟಿ ದಪ್ಪದ ದಿಕ್ಕಿನಲ್ಲಿ ಬಾಗುತ್ತದೆ. ಅಗಲದ ದಿಕ್ಕಿನಲ್ಲಿ ಬಲವಂತ ಮಾಡಿದರೆ ಅಂಚು ಮೇಲಕ್ಕೇಳುತ್ತದೆ. ಅಲ್ಲಿ ಅಗಲವಾದ ತೆಳು ಹಲಗೆಯಿಂದ ತಿರುವನ್ನೇ ಕತ್ತರಿಸಿ ತೆಗೆಯಿರಿ. ಎಡಕ್ಕೊಂದು, ಬಲಕ್ಕೊಂದು ಎಂದು ಜೊತೆಯಾಗಿ ಸಾಗಿ, ಇಲ್ಲವಾದರೆ ಬೆನ್ನುಮರವೇ ತಿರುಚಿಕೊಳ್ಳುತ್ತದೆ.

ಹಗ್ಗದ ಕೆಲಸಕ್ಕೆ ಬಂದಾಗ ಇದೊಂದನ್ನು ನೆನಪಿಡಿ: ಬ್ರಿಟಿಷ್ ನೌಕಾಪಡೆಯ ಪಟ್ಟಿಯಲ್ಲಿ ಹಗ್ಗ 12 ಇಂಚು ಎಂದಿದ್ದರೆ ಅದು ಸುತ್ತಳತೆ, ದಪ್ಪವಲ್ಲ. ನಿಮ್ಮ ಅಳತೆಯಲ್ಲಿ ಅದು ಒಂದೂವರೆ ಮಿಲಿಮೀಟರ್ ದಾರ. 3 ಇಂಚಿನದಾದರೆ 0.4 ಮಿಲಿಮೀಟರ್‌ಗಿಂತ ತುಸು ಸಣ್ಣದು. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರಿನ ಕಪ್ಪುಕಂದು, ಹಾಯಿ ಎಳೆಯುವವಕ್ಕೆ ನಾರಿನ ಸಹಜ ಬಣ್ಣ. ಬೆನ್ನುಮರ ಮತ್ತು ಚೌಕಟ್ಟುಗಳು ನಿಂತ ಮೇಲೆ ಒಂದು ಫೋಟೋ ಹಾಕಿ. ಹಲಗೆ ಹೊದಿಸುವ ಮೊದಲು ಚೌಕಟ್ಟುಗಳ ಅಂಚು ಒಂದೇ ಹರಿವಿನಲ್ಲಿ ಇದೆಯೇ ಎಂದು ಎಲ್ಲರೂ ನೋಡಿ ಹೇಳುತ್ತೇವೆ.